ಹೊಗೆಯಣ್ಣ ಮತ್ತು ಷಡ್ಡಕನ ಹೈಡ್ರೋಜನ್

ಐಸ್ ಕಾರ್ಖಾನೆಯ ಎಂಜಿನ್ ಮನೆಯಲ್ಲಿ ಹೊಗೆಯಣ್ಣನ ಮಾತೇ ಮಾತು. ಹೊಗೆಕೊಳವೆಯತ್ತ ಒಮ್ಮೆ ಕತ್ತೆತ್ತಿದರೆ ಸಾಕು, ಡೀಸೆಲ್ ಎಂಜಿನ್ನಿಗೆ ಏನು ರೋಗವೆಂದು ಹೇಳಿಬಿಡುತ್ತಿದ್ದ. ಹೊಗೆ ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನೀಲಿಯಾದರೆ ಆಯಿಲ್ ಸುಡುತ್ತಿದೆ. ಆ ಅಡ್ಡಹೆಸರು ಬಂದದ್ದೇ ಹಾಗೆ. ಅವನು ಮೂಗು ಮುರಿದರೆ ಮಾಲೀಕನೂ ಸುಮ್ಮನಾಗುತ್ತಿದ್ದ.

ಅಂಥ ಜಾಗಕ್ಕೆ ಮಾಲೀಕ ಕರೆತಂದದ್ದು ಹೊಗೆಯಣ್ಣನ ಷಡ್ಡಕನನ್ನೇ, ಹೆಂಡತಿಯ ತಂಗಿಯ ಗಂಡನನ್ನು. ಅವನು ಎಂಜಿನ್ ಗಾಳಿ ಎಳೆದುಕೊಳ್ಳುವಲ್ಲಿ ಸಣ್ಣ ಪೈಪೊಂದನ್ನು ಜೋಡಿಸಿ, ಡೀಸೆಲ್ ಜೊತೆಗೆ ಒಂದಿಷ್ಟು ಹೈಡ್ರೋಜನ್ ಉಣಿಸಿದ. ಅಷ್ಟೇ ಕೆಲಸಕ್ಕೆ ಡೀಸೆಲ್ ಕಡಿಮೆ ಸಾಕಾಯಿತು. ಹೊಗೆಯಂತೂ ಕಣ್ಣಿಗೆ ಕಾಣದಷ್ಟು ತೆಳ್ಳಗಾಯಿತು. ಹೊಗೆಯಣ್ಣ ಕತ್ತೆತ್ತಿ ನೋಡಿದ. ಹೇಳುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಕಾರ್ಖಾನೆಯ ಹಿಂದೆಯೇ ಇದ್ದ ಮನೆಗೆ ಬಂದರೆ ಅಲ್ಲೂ ಅದೇ ಪುರಾಣ.

“ಒಣಹಾಕಿದ ಬಟ್ಟೆ ಮೇಲೆ ಈಗ ಒಂದು ಚೂರೂ ಮಸಿ ಬೀಳಲ್ಲ ಕಣ್ರೀ,” ಎಂದಳು ಹೆಂಡತಿ. “ಏನೇ ಅನ್ನಿ, ನನ್ನ ತಂಗಿ ಗಂಡ ಬುದ್ಧಿವಂತ.”

“ಮೊದಲು ಊಟಕ್ಕೆ ಬಡಿಸು,” ಎಂದ ಹೊಗೆಯಣ್ಣ.

ಬಿಸಿಲು ಏರಿದ ಒಂದು ಮಧ್ಯಾಹ್ನ ಐಸಿಗೆ ಬೇಡಿಕೆ ಹೆಚ್ಚಿ, ಎಂಜಿನ್ ಮೇಲೆ ಪೂರ್ತಿ ಲೋಡ್ ಬಿತ್ತು. ಷಡ್ಡಕ ಗೇಟಿನ ಬಳಿ ಲಾರಿಯವನೊಡನೆ ಮಾತಾಡುತ್ತಿದ್ದ. ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಣ್ ಟಣ್ ಸದ್ದು ಶುರುವಾಯಿತು. ಹೈಡ್ರೋಜನ್ ಹೆಚ್ಚಾಗಿತ್ತು. ಹೀಗೇ ಬಿಟ್ಟರೆ ಪಿಸ್ಟನ್ ಹೋಗುತ್ತದೆಂದು ಹೊಗೆಯಣ್ಣನಿಗೆ ಗೊತ್ತಿತ್ತು. ಹೈಡ್ರೋಜನ್ ಪೈಪಿನ ವಾಲ್ವ್ ಕೈಗೆಟುಕುವಷ್ಟು ಹತ್ತಿರವಿತ್ತು. ‘ಹೋಗಲಿ, ಇವನ ಬಂಡವಾಳ ಬಯಲಾಗಲಿ’ ಎಂದುಕೊಂಡು ಕೈಕಟ್ಟಿ ನಿಂತ.

ಷಡ್ಡಕ ಎದ್ದುಬಿದ್ದು ಓಡಿಬಂದು ವಾಲ್ವ್ ತಿರುಗಿಸಿದ. ಸದ್ದು ನಿಂತಿತು.

“ಭಾವ, ನೀವು ಇಲ್ಲೇ ಇದ್ರಲ್ಲ. ಕೇಳಿಸ್ಲಿಲ್ವಾ?”

“ಈ ಬೆಲ್ಟಿನ ಗಲಾಟೇಲಿ ಏನು ಕೇಳಿಸುತ್ತೆ?”

ಷಡ್ಡಕ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಮಾಲೀಕ ಬಂದಾಗ, “ತಪ್ಪು ನಂದೇ. ಪೂರ್ತಿ ಲೋಡ್ ಇದ್ದಾಗ ಹೈಡ್ರೋಜನ್ ಇಳಿಸ್ಬೇಕಿತ್ತು,” ಎಂದಷ್ಟೇ ಹೇಳಿದ.

ಷಡ್ಡಕನಿಗೆ ಬೈಗುಳ ಬೀಳುತ್ತದೆಂದು ಹೊಗೆಯಣ್ಣ ಕಾದ. ಮಾಲೀಕ ನಕ್ಕ. “ಗೇಟಿನ ಹತ್ರ ನಿಂತು ಇದನ್ನ ಕೇಳಿಸ್ಕೊಂಡ್ಯಲ್ಲಪ್ಪ, ಅದೆಂಥ ಕಿವಿ ನಿಂದು!”

ಹೊಗೆಯಣ್ಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಹೊಗೆ ಹೋದರೆ ಹೋಗಲಿ, ಕಿವಿಯಲ್ಲೂ ಇವನೇ ಮೇಲೇ?

ಮರುದಿನ ಲೋಡ್ ಏರುವ ಹೊತ್ತಿಗೆ ಅವನು ವಾಲ್ವಿನ ಪಕ್ಕದಲ್ಲೇ ಬೇರುಬಿಟ್ಟು ನಿಂತಿದ್ದ. ಸದ್ದು ಹುಟ್ಟುವ ಮೊದಲೇ ಹೈಡ್ರೋಜನ್ ಇಳಿಸಿದ. ಲೋಡ್ ತಗ್ಗಿದಾಗ ಮತ್ತೆ ಏರಿಸಿದ. ಆ ಬೇಸಿಗೆಯಿಡೀ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

“ನಿಮಗೆ ನನ್ನ ತಂಗಿ ಗಂಡನ ಮೇಲೆ ಎಷ್ಟು ಅಕ್ಕರೆ,” ಎಂದಳು ಹೆಂಡತಿ, ಒಂದು ರಾತ್ರಿ ಮಲಗುವಾಗ.

ಹೊಗೆಯಣ್ಣ ಮಗ್ಗುಲು ಬದಲಿಸಿದ.