ಅಪ್ಪನ ಬೆನ್ನು

ನಮ್ಮೂರು ಮಾಡಗ್ಯಾಳದಲ್ಲಿ ಕುರಿ ಹಿಂಡಿನ ಮುಂದೆ ನಡೆಯುವವನು ತಿರುಗಿ ನೋಡುವುದಿಲ್ಲ. ತಿರುಗಿದರೆ ಮುಂದಿನ ಕುರಿ ಗಕ್ಕನೆ ನಿಲ್ಲುತ್ತದೆ, ಹಿಂದಿನವು ಅದರ ಮೇಲೆ ಬೀಳುತ್ತವೆ. ಅಪ್ಪ ಈ ರೂಢಿಯನ್ನು ಅವ್ವನ ಮೇಲೂ ನಡೆಸಿಬಿಟ್ಟಿದ್ದ. ಸಂತೆಗಿರಲಿ, ಬೀಗರ ಮನೆಗಿರಲಿ, ಅವನು ಮುಂದೆ, ಅವಳು ನಾಲ್ಕು ಮಾರು ಹಿಂದೆ. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಅವ್ವನ ಮೊಣಕಾಲಿನ ಆಪರೇಷನ್ ಆಯಿತು. ದಿನಾ ನಡೆಯದಿದ್ದರೆ ಕಾಲು ಕಟ್ಟಿಗೆಯಾಗುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಒಂದೆರಡು ದಿನ ಅಪ್ಪನ ಹಿಂದೆ ಹೋದವಳು ಆಮೇಲೆ ಹೊರಸು ಬಿಟ್ಟು ಏಳಲೇ ಇಲ್ಲ. ತಾನು ಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ ಎಂಬ ಅಂಜಿಕೆ. ಅದನ್ನು ನನ್ನೊಬ್ಬಳಿಗೆ ಹೇಳಿದಳು.

ನಾನಾಗ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಒಂದು ಸಂಜೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಕಾಲೇಜಿನಲ್ಲಿ ಕೇಳಿದ ಕತೆ ಹೇಳಿದೆ. ಗ್ರೀಕರ ಪುರಾಣದಲ್ಲಿ ಒಬ್ಬ ವಾದ್ಯಗಾರ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೇ ಹೋಗುತ್ತಾನೆ. ಬೆಳಕಿಗೆ ಬರುವ ತನಕ ತಿರುಗಿ ನೋಡಬಾರದೆಂಬ ಕರಾರು. ಪಾಪ, ತಡೆಯಲಾರದೆ ನೋಡಿಬಿಡುತ್ತಾನೆ, ಅವಳು ಮಾಯವಾಗುತ್ತಾಳೆ. ಎಷ್ಟೋ ಶತಮಾನಗಳ ನಂತರ ಅದೇ ಕತೆ ಇಂಗ್ಲಿಷರ ಹಳೆಯ ಕಾವ್ಯಕ್ಕೆ ಬಂದಾಗ, ಅವಳನ್ನು ಕಳೆದುಕೊಳ್ಳಲು ಅಲ್ಲಿನ ಕವಿಗೆ ಮನಸ್ಸಾಗಲಿಲ್ಲ. ಕರಾರನ್ನೇ ಕಿತ್ತುಹಾಕಿದ. ಗಂಡ ಹೆಂಡತಿಯ ಕೈ ಹಿಡಿದು ಕರೆತಂದ. ಆ ಕವಿಯ ಮೇಲೆ ನನಗೆ ಭಾರಿ ಪ್ರೀತಿ.

ಬಾಗಿಲಲ್ಲಿ ಉಣ್ಣೆ ನೂಲುತ್ತಿದ್ದ ಅಪ್ಪನಿಗೆ ಕತೆ ಒಪ್ಪಿಗೆಯಾಗಲಿಲ್ಲ.

"ಆ ಮೊದಲಿನಾಂವ ಹಿಂಡಿನ ಮುಂದ ನಡದಾಂವಲ್ಲ. ಹೆಜ್ಜಿ ಸಪ್ಪಳ ಕೇಳಿದ್ರ ಸಾಕಿತ್ತು. ನಿಮ್ಮವ್ವನ ಹೆಜ್ಜಿ ಇಷ್ಟು ವರ್ಷ ನನ್ನ ಬೆನ್ನಿಗೇ ಕೇಳೇತಿ."

ಅವನು ಕಿವಿಗೊಟ್ಟು ನಡೆಯುತ್ತಾನೆಂದು ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಅವಳು ನನ್ನ ಕೈಯಿಂದ ಕಾಲು ಬಿಡಿಸಿಕೊಂಡು ಬಾಗಿಲ ಕಡೆ ಮುಖ ಮಾಡಿದಳು.

"ಬಿದ್ದ ಮ್ಯಾಲ ಹೆಜ್ಜಿ ಸಪ್ಪಳ ಎಲ್ಲಿಂದ ಬರತೈತ್ರಿ? ಒಮ್ಮೆರೆ ತಿರುಗಿ ನೋಡ್ರಿ. ನಾ ಏನ್ ಮಾಯ ಆಗಂಗಿಲ್ಲ."

ಅಪ್ಪ ನೂಲುತ್ತಲೇ ಕುಳಿತ. ಇವನಿಗೆ ಹೇಳಿದ್ದು ಕಲ್ಲಿಗೆ ಹೇಳಿದಂತೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕೋಲು ಹಿಡಿದು ಹೊರಟ. ಅವ್ವನಿಗೆ ಏನನ್ನಿಸಿತೋ, ಎದ್ದು ಚಪ್ಪಲಿ ಮೆಟ್ಟಿ ಹಿಂದೆ ನಡೆದಳು. ಅವನು ಮುಂದೆ, ಇವಳು ಕುಂಟುತ್ತ ಹಿಂದೆ. ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಬೇವಿನ ಗಿಡದ ಹತ್ತಿರ ಅಪ್ಪ ನಿಂತ. ಊರ ಮಂದಿಯೆಲ್ಲ ಇದ್ದ ರಸ್ತೆಯಲ್ಲಿ ಪೂರ್ತಿ ತಿರುಗಿದ.

ಅವ್ವ ಕುರಿಯ ಹಾಗೆ ಗಕ್ಕನೆ ನಿಂತುಬಿಟ್ಟಳು.

ನನಗೆ ನಗು ಬಂತು, ಕಣ್ಣೂ ತುಂಬಿತು. ಅಪ್ಪ ಆ ನಾಲ್ಕು ಮಾರು ಹಿಂದಕ್ಕೆ ನಡೆದು ಬಂದು ಅವಳ ಕೈ ಹಿಡಿದುಕೊಂಡ.