ನಮ್ಮ ಮನೆ ನೋಡಲು ಬಂದ ತಾಯಿ

ನನ್ನ ಶಾಲೆಗೆ ಗೋಡೆಗಳಿಲ್ಲ, ಕಂಬಗಳಿವೆ. ಮಣಿಪಾಲದಲ್ಲಿ ಕಟ್ಟುತ್ತಿರುವ ಯಾವುದಾದರೂ ಫ್ಲ್ಯಾಟಿನ ಕೆಳಗೆ, ಮುಂದೆ ಕಾರುಗಳು ನಿಲ್ಲಲಿರುವ ಜಾಗದಲ್ಲಿ, ಚಾಪೆ ಹಾಸಿ ಪಾಠ ಮಾಡುತ್ತೇನೆ. ಮೇಲೆ ಅಪ್ಪ ಅಮ್ಮಂದಿರು ಸಿಮೆಂಟು ಹೊರುತ್ತಾರೆ, ಕೆಳಗೆ ಮಕ್ಕಳು ಮಗ್ಗಿ ಹೇಳುತ್ತಾರೆ. ಹೆಚ್ಚಿನವರು ಕೊಪ್ಪಳ, ಬಾಗಲಕೋಟೆ ಕಡೆಯವರು. ಕೆಲಸ ಇದ್ದಲ್ಲಿಗೆ ಹೋಗುವವರಾದ್ದರಿಂದ ಆ ಮಕ್ಕಳ ಓದು ಎಲ್ಲೆಲ್ಲೋ ನಿಂತುಹೋಗಿರುತ್ತದೆ. ನಿಂತಲ್ಲಿಂದ ಎತ್ತಿ, ಹತ್ತಿರದ ಸರಕಾರಿ ಶಾಲೆಗೆ ಸೇರಿಸುವಷ್ಟು ತಯಾರು ಮಾಡುವುದು ನನ್ನ ಕೆಲಸ. ಒಂದು ಸಣ್ಣ ಸಂಸ್ಥೆ ನನಗೆ ಸಂಬಳ ಕೊಡುತ್ತದೆ.

ಕಟ್ಟಡ ಮುಗಿದರೆ ಶಾಲೆಯೂ ಮುಗಿಯಿತು. ನೆಲಕ್ಕೆ ಪಾಲಿಶ್ ಹಾಕುವ ಯಂತ್ರ ಬಂತೆಂದರೆ ನಾನು ಚಾಪೆ ಸುತ್ತಲು ತಯಾರಾಗಬೇಕು. ತಿಂಗಳು ಕಳೆದು ಅದೇ ಗೇಟಿನ ಎದುರು ನಿಂತರೆ ವಾಚ್‌ಮ್ಯಾನ್, "ಯಾರನ್ನು ನೋಡ್ಲಿಕ್ಕೆ ಉಂಟು?" ಎಂದು ಕೇಳುತ್ತಾನೆ. ಯಾರನ್ನೂ ಇಲ್ಲ ಎಂದು ಹೇಳಿ ಬರುತ್ತೇನೆ. ಬಸ್ಸಿನಲ್ಲಿ ಹೋಗುವಾಗ ಆ ಕಟ್ಟಡಗಳನ್ನು ಕುತ್ತಿಗೆ ತಿರುಗಿಸಿ ನೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಯಾವ ಕಂಬಕ್ಕೆ ಒರಗಿ ಯಾವ ಮಗು ಓದಲು ಕಲಿಯಿತು ಎಂದು ಗೊತ್ತಿರುತ್ತದೆ. ಆ ಮಗು ಈಗ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ನಾನು ಬಿ.ಎ., ಬಿ.ಎಡ್. ಇದನ್ನು ಹೇಳುವಾಗ ಸ್ವರ ತಗ್ಗಿಸುವುದಿಲ್ಲ. ಕಾರ್ಕಳದ ಹೊರವಲಯದ ನಮ್ಮ ಮನೆಯಲ್ಲಿ ಅಪ್ಪ ಕಲ್ಲಿನ ಕೋರೆಯಲ್ಲಿ ದುಡಿದವರು, ಅಮ್ಮ ಬೀಡಿ ಕಟ್ಟಿದವರು. ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಇಲ್ಲ. ಏಳನೆಯ ತರಗತಿ ಮುಗಿದಾಗ ಟೀಚರೊಬ್ಬರು ಹಠ ಹಿಡಿದು ಉಡುಪಿಯ ಸರಕಾರಿ ಹಾಸ್ಟೆಲಿನಲ್ಲಿ ಸೀಟು ಕೊಡಿಸಿದರು. ಅಲ್ಲಿಂದ ಮುಂದಿನದೆಲ್ಲ ನಾನೇ ಒದ್ದಾಡಿ ಪಡೆದದ್ದು. ಈಗ ಅಂಬಲಪಾಡಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಗ್ಯಾಸ್ ಒಲೆ, ಒಬ್ಬಳೇ ನಾನು. ಅಪ್ಪ ತೀರಿಹೋಗಿದ್ದಾರೆ. ಅಮ್ಮ ಅಣ್ಣ ಅತ್ತಿಗೆಯ ಜೊತೆ, ನೆರೆಮನೆಯ ಹೆಂಗಸರ ಮಾತಿನ ನಡುವೆ ಸುಖವಾಗಿದ್ದಾರೆ.

ಕಳೆದ ವರ್ಷದ ಬೇಸಗೆಯಲ್ಲಿ ನನ್ನ ಚಾಪೆಯ ಮೇಲೆ ಒಬ್ಬಳು ಹುಡುಗಿ ಇದ್ದಳು. ಏಳನೆಯ ತರಗತಿ ಆಗಷ್ಟೇ ಮುಗಿಸಿದ್ದಳು. ಓದಲು ಏನೂ ಸಿಗದಿದ್ದರೆ ಸಿಮೆಂಟ್ ಚೀಲದ ಮೇಲಿನ ಅಕ್ಷರಗಳನ್ನೇ ಓದುತ್ತಿದ್ದಳು. ಅವಳ ತಾಯಿ ಮೂರನೆಯ ಮಹಡಿಯಲ್ಲಿ ಟೈಲ್ಸ್ ಹೊರುತ್ತಿದ್ದರು, ತಂದೆ ಗಾರೆ ಕೆಲಸದವರು. ಮೇ ತಿಂಗಳಲ್ಲಿ ಪಾಲಿಶ್ ಯಂತ್ರ ಬಂತು. ಅವರ ಮುಂದಿನ ಕೆಲಸ ಕಾಪುವಿನಲ್ಲಿ, ಸಮುದ್ರದ ಹತ್ತಿರ ಒಂದು ಲಾಡ್ಜ್. ಅದಾದ ಮೇಲೆ ಗೋವಾ ಎಂದು ಮೇಸ್ತ್ರಿ ಹೇಳುತ್ತಿದ್ದ. ಜೊತೆಯಲ್ಲಿ ಹೋದರೆ ಈ ಹುಡುಗಿಯ ಓದು ಏಳಕ್ಕೇ ನಿಲ್ಲುತ್ತದೆ ಎನ್ನುವುದರಲ್ಲಿ ನನಗೆ ಸಂಶಯ ಇರಲಿಲ್ಲ. ಹಾಗೆ ನಿಂತವರನ್ನು ನೋಡಿದ್ದೇನೆ. ಮರುವರ್ಷ ಅವರೇ ಟೈಲ್ಸ್ ಹೊರುತ್ತಾ ಸಿಗುತ್ತಾರೆ, ನಾಚಿಕೊಂಡು ನಗುತ್ತಾರೆ.

ಉಡುಪಿಯ ಸರಕಾರಿ ಹಾಸ್ಟೆಲಿನಲ್ಲಿ ಸೀಟು ಇತ್ತು. ತಂದೆ, ಅವಳವ್ವನ್ನೇ ಕೇಳಿ ಎಂದಿದ್ದರು. ತಾಯಿಯ ಒಪ್ಪಿಗೆ ಒಂದು ಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಹತ್ತಿರ ಕುಳಿತು ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು.

"ನೀವೂ ಹಾಸ್ಟೆಲ್ನಾಗ ಇದ್ದು ಕಲ್ತೋರೇನ್ರಿ, ಅಕ್ಕಾರ?"

"ಹೌದು. ಉಡುಪಿಯಲ್ಲೇ."

"ಈಗ ನಿಮ್ಮವ್ವನ ಕೂಡ ಇರ್ತೀರೇನು?"

"ಇಲ್ಲ. ಅವರು ಕಾರ್ಕಳದಲ್ಲಿದ್ದಾರೆ."

"ಮದುವಿ?"

"ಆಗಿಲ್ಲ."

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹೆಂಗಸು ಕಿಸಕ್ಕೆಂದು ನಕ್ಕಳು. "ಅಕ್ಕಾರ್ನ ನೋಡಾಕ ಯಾವ ಗಂಡು ಬರ್ತಾನ ಬಿಡಽ, ಬಂದ್ರ ಅವಂಗೂ ಮಗ್ಗಿ ಕೇಳ್ತಾರ!" ನಾನೂ ನಕ್ಕೆ. ತಾಯಿ ನಗಲಿಲ್ಲ.

"ಹೆಣ್ಣು ಕೊಡೂ ಮುಂದ ಮನಿ ನೋಡ್ಕೊಂಡು ಬರ್ತೀವ್ರಿ ನಾವು," ಎಂದರು. "ಇದೂ ಕೊಟ್ಟಂಗಽ. ಹಾಸ್ಟೆಲ್ ನೋಡಿ ನನಗೇನ್ ತಿಳೀತದ, ಅದು ಸರಕಾರದ್ದು. ನಿಮ್ಮ ಮನಿ ತೋರಿಸ್ರಿ. ನಿಮ್ಮವ್ವನ ಮಾತಾಡಿಸ್ತೀನಿ."

ಆಯ್ತು ಎಂದೆ. ಆದರೆ ಹೆದರಿಕೆಯಾಯಿತು. ಅಮ್ಮ ಏನು ಹೇಳಿಯಾರು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಓದಿನ ಬಗ್ಗೆ ನಾವಿಬ್ಬರೂ ಕುಳಿತು ಮಾತಾಡಿದ್ದು ನೆನಪಿಲ್ಲ.

ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿಟ್ಟೆ. ಭಾನುವಾರ ಮೂವರೂ ಕಾರ್ಕಳದ ಬಸ್ಸು ಹತ್ತಿದೆವು. ತಾಯಿ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟಿದ್ದರು, ಮಡಿಕೆಯ ಗೆರೆ ಇನ್ನೂ ಕಾಣುತ್ತಿತ್ತು. ಹುಡುಗಿಯ ತಲೆಗೆ ಎಣ್ಣೆ, ಬಿಗಿಯಾದ ಎರಡು ಜಡೆ. "ಹೋಯ್, ಮುಂದೆ ಹೋಗಿ ಅಕ್ಕ, ಮುಂದೆ ಜಾಗ ಉಂಟು," ಎಂದು ಕಂಡಕ್ಟರ್ ಇಲ್ಲದ ಜಾಗಕ್ಕೆ ನಮ್ಮನ್ನು ತಳ್ಳಿದ. ಹುಡುಗಿ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತಾ ಬಂದಳು. ತಾಯಿ ಕಿಟಕಿಯ ಹೊರಗೆ ನೋಡದೆ ಅವಳ ಬಾಯಿಯನ್ನೇ ನೋಡುತ್ತಿದ್ದರು.

ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಮತ್ತು ನೆರೆಮನೆಯ ಚಿಕ್ಕಮ್ಮ ತೊಡೆಯ ಮೇಲೆ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಮ್ಮ ಎದ್ದು ಬೆಲ್ಲ, ನೀರು ತಂದರು. ಮನೆಯಲ್ಲಿ ನಾವು ಆಡುವುದು ತುಳು. ಬಂದವರಿಗಾಗಿ ಅಮ್ಮ ತಮ್ಮ ಕನ್ನಡವನ್ನು ಜೋಪಾನವಾಗಿ ಹೊರಗೆ ತೆಗೆದರು.

"ಬಿಸಿಲಿಗೆ ಬಂದಿದ್ದೀರಿ. ಕೂತುಕೊಳ್ಳಿ. ಊಟ ಮಾಡಿಯೇ ಹೋಗಬೇಕು."

ಹುಡುಗಿ ಹೋಗಿ ಚಿಕ್ಕಮ್ಮನ ಪಕ್ಕ ಕುಳಿತಳು. ಚಿಕ್ಕಮ್ಮ ತಮಾಷೆಗೆ ಅವಳ ಕೈಗೆ ಕತ್ತರಿ ಕೊಟ್ಟು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು ತೋರಿಸಿದರು. ಹುಡುಗಿ ಒಮ್ಮೆ ನೋಡಿದಳು, ಎರಡು ಎಲೆ ಹಾಳು ಮಾಡಿದಳು, ಮೂರನೆಯದು ಸರಿಯಾಯಿತು.

"ಅಬ್ಬಾ, ಇದರ ಕೈ ನೋಡಿ ಮಾರಾಯ್ರೆ! ಹಾಸ್ಟೆಲಿಗೆ ಎಂತಕ್ಕೆ ಕಳಿಸುವುದು? ಇಲ್ಲೇ ಬಿಟ್ಟು ಹೋಗಿ, ನಾನು ಸಾಕಿಕೊಳ್ಳುತ್ತೇನೆ," ಎಂದರು ಚಿಕ್ಕಮ್ಮ.

ಎಲ್ಲರೂ ನಕ್ಕರು. ನನಗೆ ಆ ಕತ್ತರಿಯನ್ನು ಕಿತ್ತು ಎಸೆಯಬೇಕೆನಿಸಿತು.

ತಾಯಿ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು, ಸೀದಾ ಕೇಳಿದರು. "ಯವ್ವಾ, ನಿಮ್ಮ ಮಗಳು ನನ್ನ ಮಗಳನ್ನ ಹಾಸ್ಟೆಲಿಗೆ ಹಾಕು ಅಂತಾರ. ನೀವೂ ಹಾಕಿದ್ರಲ್ಲ, ನಿಮಗ ಹೆಂಗಾತು?"

ಅಮ್ಮ ಗೆರಸೆಯನ್ನು ಮತ್ತೆ ತೊಡೆಗೆ ಎಳೆದುಕೊಂಡರು. ಕೈಯಲ್ಲಿ ಕೆಲಸ ಇಲ್ಲದೆ ಅವರಿಗೆ ಮಾತು ಬರುವುದಿಲ್ಲ. "ಎಂತ ಆಗುವುದು? ಮೊದಲ ವರ್ಷ ದಿನಾ ಅಳುತ್ತಿದ್ದೆ. ಆಮೇಲೆ ಅಭ್ಯಾಸ ಆಯ್ತು. ಅಭ್ಯಾಸ ಆದ ಮೇಲೆಯೇ ಕಷ್ಟ ಆದದ್ದು."

"ಅಂದ್ರ?"

"ರಜೆಯಲ್ಲಿ ಬರುತ್ತಿದ್ದಳು. ಪುಸ್ತಕ ಹಿಡಿದು ಮೂಲೆಯಲ್ಲಿ ಕೂತುಕೊಳ್ಳುವುದು. ಎಂತ ಓದುತ್ತಿ ಅಂತ ಕೇಳಲಿಕ್ಕೆ ನನಗೆ ಹೆದರಿಕೆ. ಕೇಳಿದರೆ ಅವಳು ಹೇಳಿಯಾಳು, ನನಗೆ ಅದು ತಲೆಗೆ ಹೋಗಲಿಕ್ಕಿಲ್ಲ, ಅವಳಿಗೆ ಬೇಸರ ಆದೀತು. ಹಾಗಾಗಿ ಊಟ ಆಯ್ತಾ ಅಂತ ಕೇಳುತ್ತಿದ್ದೆ. ಈಗಲೂ ಅದನ್ನೇ ಕೇಳುವುದು. ಅವಳು ಬರ್ತಾಳೆ ಅಂದರೆ ಒಳ್ಳೆಯ ಲೋಟ ತೆಗೆದು ಇಡುತ್ತೇನೆ. ನಿಮಗೆ ಕೊಟ್ಟದ್ದು ಅದೇ."

ನಾನು ಕೆಳಗೆ ನೋಡಿದೆ. ನನ್ನ ಕೈಯಲ್ಲಿದ್ದದ್ದೂ ಅಂಥದೇ ಲೋಟ, ಅಂಚಿಗೆ ಹೂವಿನ ಗೆರೆ ಇದ್ದದ್ದು. ಅಮ್ಮನ ಪಕ್ಕದಲ್ಲಿದ್ದ ಲೋಟ ಬೇರೆ, ನೆಗ್ಗಿದ ಹಳೆಯ ಸ್ಟೀಲಿನದು. ವರ್ಷಗಟ್ಟಲೆ ಬಂದು ಹೋಗುತ್ತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

"ಹಂಗಾರ ಕಳಿಸಿದ್ದು ತಪ್ಪಾತೇನ್ರಿ?"

ಅಮ್ಮ ಕಟ್ಟಿದ ಬೀಡಿಯ ತುದಿಯನ್ನು ಉಗುರಿನಿಂದ ಒಳಗೆ ಮಡಚಿದರು. ಇನ್ನೊಂದನ್ನು ಕಟ್ಟಿದರು. ಹುಡುಗಿ ಕತ್ತರಿ ಕೆಳಗಿಟ್ಟು ಅವರನ್ನೇ ನೋಡುತ್ತಿದ್ದಳು.

"ತಪ್ಪು ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ," ಎಂದರು ಕೊನೆಗೆ. "ಊರಿನವರು ಆಸ್ಪತ್ರೆಗೆ, ಸರಕಾರಿ ಆಫೀಸಿಗೆ ಹೋಗುವಾಗ ಎಂತ ಮಾಡಬೇಕು ಅಂತ ಇವಳಿಗೆ ಫೋನ್ ಮಾಡಿ ಕೇಳುತ್ತಾರೆ. ಆಗ ನಾನು ಇಷ್ಟೆತ್ತರ ಆಗುತ್ತೇನೆ. ಎತ್ತರ ಆಗುವುದು ಒಂದು. ಮಗಳು ಪಕ್ಕದಲ್ಲಿ ಕೂತು ಹರಟೆ ಹೊಡೆಯುವುದು ಇನ್ನೊಂದು. ಎರಡೂ ಒಟ್ಟಿಗೆ ನನಗೆ ಸಿಗಲಿಲ್ಲ. ನಿಮಗೆ ಸಿಗುತ್ತದಾ ಎಂತದೋ, ನಾನು ಹೇಗೆ ಹೇಳಲಿ?"

ಅವರು ನನ್ನತ್ತ ನೋಡಲಿಲ್ಲ. ಬೇಸರದಲ್ಲೂ ಹೇಳಲಿಲ್ಲ. ಬಂದವರು ಕೇಳಿದರು, ಇದ್ದದ್ದನ್ನು ಹೇಳಿದರು, ಅಷ್ಟೇ. ನನಗೆ ಮಾತ್ರ ಹಾಸ್ಟೆಲಿನಿಂದ ಬರುತ್ತಿದ್ದ ಆ ರಜೆಗಳು ಇನ್ನೊಂದು ಕಡೆಯಿಂದ ಕಂಡವು. ಮೂಲೆಯಲ್ಲಿ ಕುಳಿತು ಓದುತ್ತಿದ್ದಾಗ ನಾನು ಕಾಯುತ್ತಿದ್ದೆ. ಯಾರಾದರೂ, ಎಂತ ಓದುತ್ತಿ ಎಂದು ಕೇಳಲಿ ಎಂದು. ಯಾರಿಗೂ ಬೇಡವಾಗಿದೆ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ಕಾಲೇಜಿನಲ್ಲಿ ಬೀಡಿಯ ವಾಸನೆಯ ಮನೆಯ ವಿಷಯ ಆಡಲು ಜನ ಇರಲಿಲ್ಲ, ಮನೆಯಲ್ಲಿ ಕಾಲೇಜಿನ ವಿಷಯ ಆಡಲು ಜನ ಇರಲಿಲ್ಲ. ಇದನ್ನೇ ನಾನು ಓದಿದವರ ಸ್ಥಿತಿ ಎಂದುಕೊಂಡು ಬೆಳೆದೆ.

ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾರು ಬಡಿಸಿದರು. ತಾಯಿಗೆ ಆ ದಪ್ಪ ಅನ್ನ ಸಲೀಸಾಗಿ ಇಳಿಯಲಿಲ್ಲ, ಆದರೂ ಎಲೆಯಲ್ಲಿ ಬಿಡದೆ ಉಂಡರು. ಹೊರಡುವಾಗ ಅಮ್ಮ ಹುಡುಗಿಯ ಕೈಗೆ ಎರಡು ಮಾವಿನಹಣ್ಣು ಕೊಟ್ಟರು. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ವಾಪಸು ಬಸ್ಸಿನಲ್ಲಿ ಹುಡುಗಿ ಬೋರ್ಡು ಓದಲಿಲ್ಲ, ಮಾವಿನಹಣ್ಣು ಮಡಿಲಲ್ಲಿಟ್ಟುಕೊಂಡು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಎಲ್ಲ ಕೆಟ್ಟಿತು ಎಂದು ನಾನು ತೀರ್ಮಾನಿಸಿದ್ದೆ. ಮಣಿಪಾಲ ಹತ್ತಿರ ಬರುತ್ತಿದ್ದಂತೆ ಹುಡುಗಿಯೇ ತಡೆಯಲಾರದೆ ಕೇಳಿದಳು. "ಯವ್ವಾ, ಕಳಸ್ತೀಯೋ ಇಲ್ಲೋ?"

"ಕಳಸ್ತೀನಿ, ಸುಮ್ನ ಕುಂದ್ರು."

ಹುಡುಗಿ ತಾಯಿಯ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ತಾಯಿ ನನ್ನ ಕಡೆ ತಿರುಗಿದರು.

"ನಿಮ್ಮವ್ವ ಭಾಳ ಚಲೋ ಹೆಣ್ಮಗಳು, ಅಕ್ಕಾರ. ಆದ್ರ ಕೇಳಾಕ ಅಂಜಿದ್ಳು. ನಾ ಅಂಜೂದಿಲ್ಲ. ತಲಿಗಿ ಹೋಗ್ಲಿ, ಬಿಡ್ಲಿ, ನಾ ಕೇಳಾಕಿನಽ. ಏನು ಕೇಳಬೇಕು ಅನ್ನೂದು ಮಾತ್ರ ನೀವು ಹೇಳಿಕೊಡ್ರಿ."

ಜೂನ್‌ನಲ್ಲಿ ಹುಡುಗಿ ಹಾಸ್ಟೆಲಿಗೆ ಸೇರಿದಳು. ಟ್ರಂಕು ಇಟ್ಟು ಹೊರಗೆ ಬಂದಾಗ ತಾಯಿ ಅಳಲಿಲ್ಲ, ಗೇಟಿನ ಕಬ್ಬಿಣವನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದರು, ಗಟ್ಟಿ ಉಂಟಾ ಎಂದು. ಮರುದಿನ ಅವರು ಕಾಪುವಿಗೆ ಹೋದರು. ನಾನು ಚಾಪೆ ಎತ್ತಿಕೊಂಡು ಬೇರೆ ಕಟ್ಟಡಕ್ಕೆ ಹೋದೆ.

ಹಾಸ್ಟೆಲಿಗೆ ಮನೆಯವರು ಫೋನ್ ಮಾಡಬಹುದಾದ ದಿನ ಭಾನುವಾರ. ಅದಕ್ಕೆ ಸ್ವಲ್ಪ ಮೊದಲು ನನ್ನ ಫೋನ್ ಬಡಿದುಕೊಳ್ಳುತ್ತದೆ. ಹಿಂದೆ ಸಮುದ್ರದ ಗಾಳಿಯ ಸದ್ದು, ಕಾಂಕ್ರೀಟು ಕಲಸುವ ಯಂತ್ರದ ಸದ್ದು.

"ಅಕ್ಕಾರ, ಈ ವಾರ ಏನು ಕೇಳ್ಲಿ?"

"ವಿಜ್ಞಾನದಲ್ಲಿ ಎಲೆಯ ಪಾಠ ಆಗಿರಬೇಕು. ಎಲೆ ತನ್ನ ಆಹಾರ ಹೇಗೆ ತಯಾರು ಮಾಡ್ತದೆ ಅಂತ ಕೇಳಿ."

"ಎಲಿ ಅಡಗಿ ಮಾಡ್ತದ? ಒಲಿ ಇಲ್ದಽ?"

"ಬಿಸಿಲೇ ಒಲೆ."

"ಥೋ! ಹಂಗಿದ್ರ ನಾ ದಿನಾ ಬಿಸಿಲಾಗ ನಿಂತು ಹಸದಽ ಇರ್ತೀನಲ್ರಿ. ಇದನ್ನೂ ಕೇಳ್ತೀನಿ, ಇಡ್ರಿ ಇಡ್ರಿ, ಹೊತ್ತಾತು." ಫೋನ್ ಕಡಿಯುತ್ತದೆ. ಆಚೆ ಅವರಿಬ್ಬರೂ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ಆದರೆ ಕೆಲವು ಸಲ ಆಮೇಲೆ ಮತ್ತೆ ಮಾಡಿ, "ಅಕಿಗೆ ಗೊತ್ತಿಲ್ಲಂತ, ಟೀಚರ್ನ ಕೇಳಿ ಹೇಳ್ತೀನಿ ಅಂದ್ಳು," ಎಂದು ಗೆದ್ದವರ ಹಾಗೆ ಹೇಳುತ್ತಾರೆ.

ಹೋದ ಭಾನುವಾರ ಅವರು ಫೋನ್ ಇಟ್ಟ ಮೇಲೆ ನಾನು ಅಮ್ಮನಿಗೆ ಮಾಡಿದೆ. ಕೋಣೆಯಲ್ಲಿ ಅನ್ನಕ್ಕೆ ನೀರು ಕುದಿಯುತ್ತಿತ್ತು.

"ಊಟ ಆಯ್ತಾ?" ಎಂದರು ಅಮ್ಮ.

"ಇನ್ನು ಆಗಬೇಕಷ್ಟೆ. ನಿಮ್ಮದು?"

"ಆಯ್ತು. ಅಲ್ಲಿ ಮಳೆ ಉಂಟಾ?"

"ಬೆಳಿಗ್ಗೆ ಇತ್ತು."

ಆಚೆ ಚಿಕ್ಕಮ್ಮನ ನಗು, ಕತ್ತರಿಯ ಸದ್ದು ಕೇಳುತ್ತಿತ್ತು. ಅಮ್ಮ ಏನೋ ಹೇಳಲು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಹಿಂದಿನ ರಜೆಗಳ ಹಾಗೆ, ಕೇಳಲಿ ಎಂದು ನಾನು ಕಾದೆ. ಅವರೂ ಕಾದರು ಎಂದು ಕಾಣುತ್ತದೆ. ಆಮೇಲೆ ಜಾಗ್ರತೆ ಎಂದು ಹೇಳಿ ಅವರು ಫೋನ್ ಇಟ್ಟರು. ನಾನು ಎದ್ದು ಒಲೆ ಸಣ್ಣ ಮಾಡಿದೆ.