ಕೀಪರ್ ಸಹಿಯ ಕೆಳಗಿನ ಎರಡು ಚುಕ್ಕಿ

ನಂಬೋಕೆ ಆಗ್ತಿಲ್ಲ...
ನಿನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಕೂತು ರೊಟ್ಟಿ ತಿಂದವನು...
ಇವತ್ತು ಬೆಳಿಗ್ಗೆ ಗದ್ವಾಲ ಆಸ್ಪತ್ರೆಯಿಂದ ಅವನ ಹೆಂಡತಿ ಶರಣಮ್ಮ ಫೋನ್ ಮಾಡಿದರು.
"ಅಣ್ಣಾರ... ನಿಮ್ಮ ದೋಸ್ತ ಹೋದ್ರು."
ಹಾರ್ಟ್ ಅಟ್ಯಾಕ್ ಅಂತೆ.

ನಮ್ಮ ಶಾಲೆಯ ಪಿ.ಇ.ಟಿ. ಮಾಸ್ತರ್ ಬಸಣ್ಣ ಇನ್ನಿಲ್ಲ.
ಇಪ್ಪತ್ತು ವರ್ಷ ತೆಲುಗು ಸೀಮೆಯ ನಮ್ಮ ಗಡಿಯೂರು ಮಕ್ತಲ್‌ನ ಮಕ್ಕಳಿಗೆ ಹಾಕಿ ಆಟ ಕಲಿಸಿದವನು.

ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ನಾನೇ ಸುದ್ದಿ ಹಾಕಿದೆ.
ಐದು ನಿಮಿಷಕ್ಕೆ ಒಂದು ಕಾಮೆಂಟ್ ಬಂತು... "ದೊಂಗ ಸಂತಕಂ ಸಾರ್‌ಗೆ ಶ್ರದ್ಧಾಂಜಲಿ." ಪಕ್ಕದಲ್ಲಿ ನಗೋ ಮುಖ.
ತೆಲುಗಿನಲ್ಲಿ ದೊಂಗ ಸಂತಕಂ ಅಂದರೆ ಕಳ್ಳ ಸಹಿ.
ಹೆಣ ಇನ್ನೂ ಅವನ ಊರು ಗಟ್ಟು ಮುಟ್ಟಿಲ್ಲ. ಅಡ್ಡಹೆಸರು ಆಗಲೇ ಮುಟ್ಟಿದೆ.

ಆ ಹೆಸರು ಯಾಕೆ ಬಂತು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ...
ಗೊತ್ತಿದೆ ಅಂದುಕೊಂಡವರೂ ಸ್ವಲ್ಪ ಓದಿ.

ಬಸಣ್ಣನಿಗೆ ಒಂದೇ ಹುಚ್ಚು. ದೊಡ್ಡ ಹಾಕಿ ಆಟಗಾರರ ಆಟೋಗ್ರಾಫ್.
ಒಂದು ರಟ್ಟಿನ ನೋಟ್‌ಬುಕ್, ಪುಟಕ್ಕೊಬ್ಬರ ಸಹಿ.
ಎಲ್ಲರೂ ಗೆದ್ದ ಟೀಮಿನ ಹಿಂದೆ ಓಡಿದರೆ ಇವನು ಸೋತ ಟೀಮಿನ ಬಸ್ಸಿನ ಹತ್ತಿರ ನಿಲ್ತಿದ್ದ.
"ಗೆದ್ದಾವ್ರು ನಡ್ಕೋಂತ ಗೀಚ್ತಾರೋ ರಾಘು. ಸೋತಾವ್ರು ನಿಂತು, ಹೆಸರು ಕೇಳಿ, ಸಾವಕಾಶ ಬರೀತಾರ."

ಅವನಿಗೆ ಒಬ್ಬ ಗೋಲ್‌ಕೀಪರ್ ಸಹಿ ಬೇಕೇ ಬೇಕಿತ್ತು.
ಫೈನಲ್‌ನ ಕೊನೇ ನಿಮಿಷದಲ್ಲಿ ಗೋಲ್ ಬಿಟ್ಟು, ದೇಶವೆಲ್ಲ ಬೈದ ಕೀಪರ್.
ಒಂಬತ್ತು ವರ್ಷದ ಹಿಂದೆ ಆ ಕೀಪರ್ ಲೀಗ್ ಮ್ಯಾಚಿಗೆ ಹೈದರಾಬಾದಿಗೆ ಬಂದರು. ಬಸಣ್ಣನಿಗೆ ಪರೀಕ್ಷೆ ಡ್ಯೂಟಿ. ನಾನು ಟ್ರೈನಿಂಗಿಗೆ ಅಲ್ಲೇ ಹೋಗೋನಿದ್ದೆ.
ನೋಟ್‌ಬುಕ್ಕನ್ನು ಟವೆಲ್‌ನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

ನಾನು ಮ್ಯಾಚಿಗೆ ಹೋಗಲೇ ಇಲ್ಲ.
ಬಿಸಿಲಿತ್ತು. ಹೊಟ್ಟೆ ತುಂಬ ಊಟ ಮಾಡಿ ರೂಮಿನಲ್ಲಿ ಮಲಗಿದೆ.
ವಾಪಸ್ ಬರುವಾಗ, ಮಕ್ತಲ್ ಇನ್ನೇನು ಬಂತು ಅನ್ನುವಾಗ, ಬಸ್ಸಿನಲ್ಲೇ ಆ ಕೀಪರ್ ಹೆಸರು ಇಂಗ್ಲಿಷಿನಲ್ಲಿ ನಾನೇ ಗೀಚಿದೆ.
ಹೌದು. ಆ ಕಳ್ಳ ಸಹಿ ನನ್ನದು.
ಕನ್ನಡ ಮಾಸ್ತರ್ ರಾಘವೇಂದ್ರನದು. ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ದಿನಾ ಪಾಠ ಮಾಡೋ ನಿಮ್ಮ ರಾಘು ಸಾರ್‌ದು.

ಬಸಣ್ಣಾ...
ಆವತ್ತು ನೀನು ಆ ಪುಟವನ್ನ ಎಷ್ಟೋ ಹೊತ್ತು ನೋಡಿದೆ. ಆಮೇಲೆ ನಕ್ಕು, "ಚಂದ ಐತಿ ಬಿಡೋ" ಅಂದೆ.
ಬಕರಾ ಸಿಕ್ಕ ಅಂತ ನಾನೂ ಒಳಗೊಳಗೇ ನಕ್ಕೆ.

ಹೋದ ತಿಂಗಳು ಅದೇ ಕೀಪರ್ ನಾರಾಯಣಪೇಟೆಗೆ ಟೂರ್ನಮೆಂಟ್ ಉದ್ಘಾಟನೆಗೆ ಬಂದರು.
ನಮ್ಮ ಹುಡುಗರನ್ನೆಲ್ಲ ಕರ್ಕೊಂಡು ಹೋದೆವು. ನೀನು ನೋಟ್‌ಬುಕ್ ಬ್ಯಾಗಿನಲ್ಲೇ ಇಟ್ಟಿದ್ದೆ. ಆ ಹುಡುಗರೇ ಕಿತ್ಕೊಂಡು ಹೋಗಿ ಸ್ಟೇಜ್ ಮೇಲೆ ತೋರಿಸಿದರು.
ಅವರು ನೋಡಿ ಮೈಕಿನಲ್ಲೇ ಕೇಳಿದರು... "ಯೇ ಮೇರಾ ಸೈನ್ ನಹೀಂ ಹೈ. ಕಿಸ್ನೇ ಕಿಯಾ?" ಇದು ನನ್ನ ಸಹಿ ಅಲ್ಲ, ಯಾರು ಹಾಕಿದ್ದು ಅಂತ.

ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.
ನೀನು ನನ್ನ ಕಡೆ ಒಂದು ಸಲ ನೋಡಿದೆ.
ನಾನು ಚಪ್ಪಲಿ ನೋಡ್ಕೊಂಡೆ.
ನೀನು ಕೈ ಎತ್ತಿದೆ... "ಮೈಚ್ ಕರ‍್ಯಾ ಸಾಬ್."
ಸಹಿ ನಾನೇ ಹಾಕಿದ್ದು ಅಂತ ನೀನು ಅಂದುಬಿಟ್ಟೆ.

ಮೈದಾನವೆಲ್ಲ ನಕ್ಕಿತು.
ನಾನೂ ನಕ್ಕೆ ಬಸಣ್ಣಾ... ಎಲ್ಲರಿಗಿಂತ ಜೋರಾಗಿ ನಕ್ಕೆ. ನಗದಿದ್ದರೆ ಎಲ್ಲಿ ಸಿಕ್ಕಿಬೀಳ್ತೀನೋ ಅಂತ.

ವಾಪಸ್ ಬರುವಾಗ ಬಸ್ಸಿನಲ್ಲಿ ನೀನೇ ಮಾತು ತೆಗೆದೆ.
"ಇಪ್ಪತ್ತು ವರ್ಷದಿಂದ ಹಾಜರಿ ಪುಸ್ತಕದಾಗ ನನ್ನ ಹೆಸರಿನ ಕೆಳಗ ನಿನ್ನ ಸಹಿ ಐತಿ. ಸಹಿ ಕೆಳಗ ಎರಡು ಚುಕ್ಕಿ ಇಡ್ತಿ. ಕೀಪರ್ ಸಹಿಗೂ ಇಟ್ಟೀದಿ. ನನಗ ತಿಳೀಲಿಲ್ಲ ಅಂದುಕೊಂಡಿಯೇನು?"
"ಮತ್ತ್ಯಾಕ ಸುಮ್ಮನಿದ್ದಿ ಇಷ್ಟು ವರ್ಷ?"
"ನೀನಾಗೇ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಊರು ಹತ್ತಿರ ಬಂದಾಗ ನೀನು ಇನ್ನೊಂದು ಮಾತು ಅಂದೆ.
"ಹುಡುಗರ ಎದುರಿಗೆ ತಲಿ ಎತ್ತಾಕ ಆಗಂಗಿಲ್ಲೋ. ಗ್ರೂಪಿನಾಗ ಒಂದು ಸಾಲು ಹಾಕು. ಒಂದೇ ಸಾಲು."
ನಾಳೆ ಹಾಕ್ತೀನಿ ಅಂದೆ ನಾನು.

ಆ ನಾಳೆ ಒಂದು ತಿಂಗಳಾದರೂ ಬರಲಿಲ್ಲ.
ಹುಡುಗರು "ಸಾರ್, ನಮ್ಮ ಪ್ರೋಗ್ರೆಸ್ ಕಾರ್ಡಿಗೂ ಅಪ್ಪನ ಸಹಿ ಹಾಕ್ರಿ" ಅಂತ ಆಡಿಕೊಂಡರು. ನೀನು ಮೈದಾನಕ್ಕೆ ಹೋಗೋದೇ ಬಿಟ್ಟೆ. ಸೀಟಿ ಕೊರಳಲ್ಲಿ ಹಾಕ್ಕೊಂಡು ಸ್ಟಾಫ್ ರೂಮಿನಲ್ಲೇ ಕೂತಿರ್ತಿದ್ದೆ.
ನೀನು ದಿನಾ ನನ್ನ ಫೋನ್ ಕಡೆ ನೋಡ್ತಿದ್ದೆ. ನಾನು ಅದನ್ನ ಬೋರಲು ಹಾಕಿ ಇಡ್ತಿದ್ದೆ.
ನನಗೆ ಹೆಡ್‌ಮಾಸ್ಟರ್ ಪ್ರಮೋಷನ್ ಬರೋದಿತ್ತು. ಅದೊಂದು ಬಂದುಬಿಡಲಿ ಅಂದುಕೊಂಡೆ.
ನಿನ್ನೆ ಮಧ್ಯಾಹ್ನವೂ ನೀನು ರೊಟ್ಟಿ ಮುರಿದು ನನಗೆ ಅರ್ಧ ಕೊಟ್ಟೆ. ನಾಚಿಕೆ ಇಲ್ಲದೆ ತಿಂದೆ.

ನಗೋ ಮುಖ ಹಾಕಿದ ಹುಡುಗಾ... ಅದನ್ನ ಅಳಿಸು. ಇಲ್ಲಾ ಅಂದರೆ ಈ ಪೋಸ್ಟಿಗೆ ಬಂದು ಹಾಕು. ಇಲ್ಲಿ ಸರಿ ಹೋಗುತ್ತೆ.
ಆ ಪುಸ್ತಕದಲ್ಲಿ ಉಳಿದ ಸಹಿಗಳೆಲ್ಲ ಅಸಲಿ. ಒಂದೊಂದಕ್ಕೂ ಬಸಣ್ಣ ಸೋತವರ ಬಸ್ಸಿನ ಹತ್ತಿರ ಬಿಸಿಲಲ್ಲಿ ನಿಂತಿದ್ದಾನೆ.

ಸಂಜೆ ಗಟ್ಟಿನಲ್ಲಿ ಮಣ್ಣು.
ನಾನು ಹೋಗ್ತೀನಿ. ಶರಣಮ್ಮ ಇದನ್ನ ಓದಿದ ಮೇಲೆ ನನ್ನನ್ನ ಒಂದು ಹಿಡಿ ಮಣ್ಣು ಹಾಕೋಕೆ ಬಿಡ್ತಾರೋ ಇಲ್ಲವೋ ಗೊತ್ತಿಲ್ಲ.

ನೀನು ಒಂದೇ ಸಾಲು ಕೇಳಿದ್ದೆ ಬಸಣ್ಣಾ. ನೀನು ಓದೋಕೆ ಇಲ್ಲದಾಗ ಇಷ್ಟುದ್ದ ಬರೆದೀನಿ.
ನಿನ್ನ ಆತ್ಮಕ್ಕ ಶಾಂತಿ ಸಿಗ್ಲೋ.
ನನಗ ಸಿಗೋದು ಬ್ಯಾಡ.

ಈ ಸಲ ನನ್ನ ಹೆಸರೇ ಹಾಕೀನಿ, ನೋಡು.

ರಾಘವೇಂದ್ರ
. .